ಬ್ಯಾಟರಿ ಹೊಸದು, ಕೆಂಪು ಲೈಟ್ ಮಾತ್ರ ಆರುತ್ತಿಲ್ಲ: ಒಂದು ಚಾರ್ಜಿಂಗ್ ದುರಸ್ತಿಯ ವಿವರ

ಕಾರು 1.2 ಲೀಟರ್ ಪೆಟ್ರೋಲ್ ಎಂಜಿನ್ನಿನದು. ಬೆಲ್ಟಿನಿಂದ ತಿರುಗಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ 90 ಆಂಪಿಯರ್‌ನದು, ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಅದರ ಒಳಗೇ ಇದೆ. ಚಾರ್ಜಿಂಗ್ ವಿಷಯದಲ್ಲಿ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ತಲೆಹಾಕದ ಹಳೆಯ ಮಾದರಿ. ದೂರು ಇಷ್ಟು: ಎಂಜಿನ್ ಓಡುತ್ತಿರುವಾಗಲೂ ಡ್ಯಾಶ್‌ಬೋರ್ಡಿನ ಬ್ಯಾಟರಿ ಲೈಟ್ ಪೂರ್ತಿ ಆರುವುದಿಲ್ಲ. ಹಗಲಲ್ಲಿ ಆರಿದ ಹಾಗೇ ಕಾಣುತ್ತದೆ. ರಾತ್ರಿ ಹೆಡ್‌ಲೈಟ್ ಹಾಕಿ, ಬ್ಲೋವರ್ ಜೋರು ಮಾಡಿ, ಹಿಂದಿನ ಗಾಜಿನ ಹೀಟರ್ ಒತ್ತಿದರೆ ಬೂದಿಯೊಳಗಿನ ಕೆಂಡದ ಹಾಗೆ ಮಂದವಾಗಿ ಕೆಂಪಗಾಗುತ್ತದೆ. ಬ್ಯಾಟರಿಯನ್ನು ಆಗಲೇ ಬದಲಾಯಿಸಲಾಗಿತ್ತು. ಹೊಸ ಬ್ಯಾಟರಿಯೂ ಬೆಳಗಿನ ಸ್ಟಾರ್ಟಿನಲ್ಲಿ ತಿಣುಕತೊಡಗಿತ್ತು.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಮುಂದಿನ ಬಲಿ ಆಲ್ಟರ್ನೇಟರ್. ಅದನ್ನು ಬಿಚ್ಚುವ ಮೊದಲು ಆ ಲೈಟ್ ಏನನ್ನು ನೋಡಿ ಉರಿಯುತ್ತದೆ ಎಂಬುದು ಗೊತ್ತಿರಬೇಕು. ಚಿತ್ರ ಬ್ಯಾಟರಿಯದಾದರೂ ಅದು ಬ್ಯಾಟರಿಯನ್ನು ಅಳೆಯುವುದಿಲ್ಲ.

ಲೈಟ್ ಉರಿಯುವುದು ಯಾವಾಗ

ಈ ಮಾದರಿಯ ಕಾರುಗಳಲ್ಲಿ ಆ ಪುಟ್ಟ ಬಲ್ಬಿನ ಒಂದು ತುದಿಗೆ ಇಗ್ನಿಷನ್ ಸ್ವಿಚ್‌ನಿಂದ ಬರುವ ಬ್ಯಾಟರಿ ವೋಲ್ಟೇಜ್ ಇರುತ್ತದೆ, ಇನ್ನೊಂದು ತುದಿ ಆಲ್ಟರ್ನೇಟರಿನ ಡಿ ಪ್ಲಸ್ ಟರ್ಮಿನಲ್‌ಗೆ ಹೋಗುತ್ತದೆ. ಕೆಲವು ಕಂಪನಿಗಳು ಅದನ್ನೇ ಎಲ್ ಎಂದು ಗುರುತು ಹಾಕುತ್ತವೆ. ಕೀ ತಿರುಗಿಸಿ ಎಂಜಿನ್ ಸ್ಟಾರ್ಟ್ ಮಾಡದೆ ಬಿಟ್ಟರೆ ಡಿ ಪ್ಲಸ್‌ನಲ್ಲಿ 1ರಿಂದ 2 ವೋಲ್ಟ್ ಮಾತ್ರ ಇರುತ್ತದೆ. ಕರೆಂಟ್ ಬಲ್ಬಿನ ಮೂಲಕ ಹಾದು ಆಲ್ಟರ್ನೇಟರಿನ ಒಳಗೆ ತಿರುಗುವ ರೋಟರಿನ ಕಾಯಿಲ್‌ಗೆ ಇಳಿಯುತ್ತದೆ, ಬಲ್ಬ್ ಪ್ರಖರವಾಗಿ ಉರಿಯುತ್ತದೆ. 2 ವ್ಯಾಟ್ ಬಲ್ಬ್ ಆದರೆ ಸುಮಾರು 0.17 ಆಂಪಿಯರ್. ರೋಟರಿಗೆ ಮೊದಲ ಕಾಂತಶಕ್ತಿ ಬರುವುದು ಇದರಿಂದಲೇ. ಎಂಜಿನ್ ಓಡಿದಾಗ ಒಳಗಿನ ಮೂರು ಚಿಕ್ಕ ಡಯೋಡ್‌ಗಳು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗಗಳು) ಡಿ ಪ್ಲಸ್‌ಗೆ 14 ವೋಲ್ಟ್‌ಗಿಂತ ಹೆಚ್ಚು ಕೊಡುತ್ತವೆ. ಬಲ್ಬಿನ ಎರಡು ಕಡೆಯೂ ಒಂದೇ ವೋಲ್ಟೇಜ್ ಆದ್ದರಿಂದ ಅದು ಆರುತ್ತದೆ.

ಅಂದರೆ ಆ ಬಲ್ಬ್ ಎರಡು ವೋಲ್ಟೇಜ್‌ಗಳನ್ನು ತಕ್ಕಡಿಗೆ ಹಾಕುತ್ತದೆ ಅಷ್ಟೇ. ವ್ಯತ್ಯಾಸ ಎತ್ತ ಕಡೆಗಾದರೂ ಇರಲಿ, 2 ವೋಲ್ಟ್ ಆಸುಪಾಸು ಬಂದರೆ ಫಿಲಮೆಂಟ್ ಮಂಕಾಗಿ ಕೆಂಪಾಗುತ್ತದೆ. ಬಲ್ಬಿನ ಬದಲು ಎಲ್‌ಇಡಿ ಇದ್ದರೆ ಅದು ಒಂದೇ ದಿಕ್ಕಿನಲ್ಲಿ ಉರಿಯುತ್ತದೆ. ಆಲ್ಟರ್ನೇಟರ್ ಕಡೆ ವೋಲ್ಟೇಜ್ ಹೆಚ್ಚಾಗಿ ಬ್ಯಾಟರಿ ಕಡೆ ಕಡಿಮೆಯಾಗುವ ದೋಷವನ್ನು ಅದು ತೋರಿಸುವುದೇ ಇಲ್ಲ.

ಪ್ರಖರವಾಗಿ ಉರಿದರೆ ಆಲ್ಟರ್ನೇಟರ್ ಏನನ್ನೂ ಕೊಡುತ್ತಿಲ್ಲ. ಬೆಲ್ಟ್ ಹೋಗಿರಬಹುದು, ರೋಟರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು, ರೆಗ್ಯುಲೇಟರ್ ಸತ್ತಿರಬಹುದು. ಮಂದವಾಗಿ ಉರಿದರೆ, ಅದರಲ್ಲೂ ಲೋಡ್ ಹೆಚ್ಚಿದಂತೆ ಹೆಚ್ಚು ಉರಿದರೆ, ಆಲ್ಟರ್ನೇಟರ್ ಕೊಡುತ್ತಿದೆ, ಆದರೆ ಕೊಟ್ಟದ್ದು ದಾರಿಯಲ್ಲಿ ಸೋರುತ್ತಿದೆ ಅಥವಾ ಡಯೋಡ್‌ಗಳಲ್ಲಿ ಒಂದು ಕೈಕೊಟ್ಟಿದೆ. ಈ ಕಾರಿನ ಲಕ್ಷಣ ಎರಡನೆಯ ಗುಂಪಿನದು. ಇಗ್ನಿಷನ್ ಆನ್ ಮಾಡಿದಾಗ ಲೈಟ್ ಬರುವುದೇ ಇಲ್ಲ ಎಂದಾದರೆ ಅದು ಬೇರೆಯೇ ಕಥೆ: ಬಲ್ಬ್ ಸುಟ್ಟಿದೆ ಅಥವಾ ಡಿ ಪ್ಲಸ್ ವೈರ್ ತುಂಡಾಗಿದೆ. ಆಗ ಆಲ್ಟರ್ನೇಟರ್ ತಾನಾಗಿ ಎಚ್ಚರಗೊಳ್ಳದೆ, ಒಮ್ಮೆ ಆಕ್ಸಿಲರೇಟರ್ ಒತ್ತಿ 2,000–3,000 ಆರ್‌ಪಿಎಂಗೆ ಏರಿಸಿದ ಮೇಲಷ್ಟೇ ಚಾರ್ಜ್ ಶುರುವಾಗುವುದುಂಟು. ಮೀಟರ್ ಕ್ಲಸ್ಟರಿನ ಬಲ್ಬ್‌ಗಳನ್ನೆಲ್ಲ ಎಲ್‌ಇಡಿಗೆ ಬದಲಾಯಿಸಿದವರಿಗೂ ಇದೇ ತೊಂದರೆ, ಏಕೆಂದರೆ ಎಲ್‌ಇಡಿ ಮೂಲಕ ಹರಿಯುವ ಕೆಲವೇ ಮಿಲಿ ಆಂಪಿಯರ್ ರೋಟರಿಗೆ ಸಾಲದು. ಆ ಒಂದು ಜಾಗಕ್ಕೆ ಹಳೆಯ ಬಲ್ಬನ್ನೇ ಹಾಕಬೇಕು, ಇಲ್ಲವೇ ಎಲ್‌ಇಡಿಗೆ ಸಮಾನಾಂತರವಾಗಿ 68 ಓಮ್, 5 ವ್ಯಾಟ್ ರೆಸಿಸ್ಟರ್ ಸೇರಿಸಬೇಕು.

ಮೊದಲು ಬ್ಯಾಟರಿಯನ್ನು ಸಂಶಯದಿಂದ ಬಿಡುಗಡೆ ಮಾಡಿ

ಅರೆಬರೆ ಚಾರ್ಜ್ ಇರುವ ಬ್ಯಾಟರಿ ಇಟ್ಟುಕೊಂಡು ಚಾರ್ಜಿಂಗ್ ಪರೀಕ್ಷೆ ಮಾಡಿದರೆ ಎಲ್ಲ ಅಂಕಿಗಳೂ ಸುಳ್ಳು ಹೇಳುತ್ತವೆ. ಹಸಿದ ಬ್ಯಾಟರಿ ಆಲ್ಟರ್ನೇಟರಿನ ಬಹುಪಾಲು ಕರೆಂಟನ್ನು ನುಂಗಿ ವೋಲ್ಟೇಜನ್ನು ಕೆಳಗೆಳೆಯುತ್ತದೆ. ಸರಿಯಾಗಿರುವ ಆಲ್ಟರ್ನೇಟರೂ ಆಗ ಕೆಟ್ಟಂತೆ ಕಾಣುತ್ತದೆ.

ಎಂಜಿನ್ ನಿಲ್ಲಿಸಿ ಒಂದೆರಡು ನಿಮಿಷ ಹೆಡ್‌ಲೈಟ್ ಉರಿಸಿ ಆರಿಸಿದ ಮೇಲೆ ಬ್ಯಾಟರಿಯ ಸೀಸದ ಪೋಸ್ಟ್‌ಗಳ ಮೇಲೇ ಮೀಟರ್ ಇಡಬೇಕು, ಕ್ಲ್ಯಾಂಪ್ ಮೇಲಲ್ಲ. ಹೆಡ್‌ಲೈಟ್ ಉರಿಸುವುದು ಮೇಲ್ಪದರದ ಚಾರ್ಜ್ ಇಳಿಯಲಿ ಎಂದು. 12.6 ವೋಲ್ಟ್ ಅಥವಾ ಮೇಲಿದ್ದರೆ ಪೂರ್ತಿ ತುಂಬಿದೆ, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು. ಇಲ್ಲಿ ಸಿಕ್ಕಿದ್ದು 12.28. ಸ್ಟಾರ್ಟರ್ ತಿರುಗುವಾಗ 9.9ಕ್ಕೆ ಇಳಿಯಿತು. ಸಾಮಾನ್ಯ ಉಷ್ಣತೆಯಲ್ಲಿ 9.6ಕ್ಕಿಂತ ಕೆಳಗೆ ಹೋಗಬಾರದು, ಆದ್ದರಿಂದ ಬ್ಯಾಟರಿ ಹಸಿದಿದೆ, ಸತ್ತಿಲ್ಲ. ಹೊರಗಿನ ಚಾರ್ಜರಿನಿಂದ ರಾತ್ರಿಯಿಡೀ ಚಾರ್ಜ್ ಮಾಡಿ ವಿಶ್ರಾಂತಿ ಕೊಟ್ಟ ಮೇಲೆ 12.68ರಲ್ಲಿ ನಿಂತಿತು. ಹಳೆಯ ಬ್ಯಾಟರಿಯೂ ಬಹುಶಃ ಹೀಗೇ ಅರೆಹೊಟ್ಟೆಯಲ್ಲಿ ಓಡಾಡಿ ಒಳಗಿನ ಫಲಕಗಳಿಗೆ ಸಲ್ಫೇಟ್ ಹಿಡಿದು ಹೋಗಿರಬೇಕು.

ಬೆಲ್ಟ್ ವಿಚಾರ ಬೇಗ ಮುಗಿಯಿತು. ಪಕ್ಕೆಗಳಲ್ಲಿ ಬಿರುಕಿಲ್ಲ, ಕನ್ನಡಿಯಂತೆ ಹೊಳಪು ಬಂದಿಲ್ಲ, ಕೀರಲು ಸದ್ದಿಲ್ಲ. ಸದ್ದು ಇದ್ದಿದ್ದರೆ ಒಂದು ಸುಲಭ ಪರೀಕ್ಷೆಯಿದೆ: ಎಂಜಿನ್ ಓಡುವಾಗ ಬೆಲ್ಟಿನ ಗೆರೆಗಳಿರುವ ಮೈಗೆ ದೂರದಿಂದ ಸ್ವಲ್ಪ ನೀರು ಸಿಂಪಡಿಸಿ. ಸದ್ದು ಒಂದು ಕ್ಷಣ ನಿಂತು ಮರಳಿದರೆ ಪುಲ್ಲಿಗಳು ಒಂದೇ ನೇರದಲ್ಲಿಲ್ಲ, ಜೋರಾದರೆ ಬಿಗಿ ಸಾಲದು. ಕೈ, ತೋಳು, ಕೂದಲು, ಇಳಿಬಿಟ್ಟ ವೈರ್ ಎಲ್ಲ ಬೆಲ್ಟಿನಿಂದ ದೂರವಿರಲಿ. ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಪುಲ್ಲಿ ಇರುವ ಆಲ್ಟರ್ನೇಟರಾದರೆ ಬೆಲ್ಟ್ ತೆಗೆದು ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ನೋಡಬೇಕು: ಒಂದು ಕಡೆಗೆ ರೋಟರನ್ನು ಎಳೆದುಕೊಂಡೇ ತಿರುಗಬೇಕು, ಇನ್ನೊಂದು ಕಡೆಗೆ ಸಡಿಲವಾಗಿ. ಎರಡೂ ಕಡೆ ಸಡಿಲವಾದರೆ ಆಲ್ಟರ್ನೇಟರ್ ಎಷ್ಟೇ ಚೆನ್ನಾಗಿದ್ದರೂ ಲೈಟ್ ಆರದು.

ಇನ್ನೊಂದು ಚಿಕ್ಕ ಪರೀಕ್ಷೆ. ಇಗ್ನಿಷನ್ ಆನ್, ಎಂಜಿನ್ ಆಫ್ ಇರುವಾಗ ಆಲ್ಟರ್ನೇಟರಿನ ಚಿಕ್ಕ ಕನೆಕ್ಟರ್ ಕಿತ್ತರೆ ಲೈಟ್ ಆರಬೇಕು. ಆರದಿದ್ದರೆ ಡ್ಯಾಶ್‌ಬೋರ್ಡಿನಿಂದ ಬರುವ ವೈರ್ ಎಲ್ಲೋ ಸಿಪ್ಪೆ ಸುಲಿದು ಬಾಡಿಗೆ ತಾಗುತ್ತಿದೆ. ಇಲ್ಲಿ ಆರಿತು.

ವೋಲ್ಟ್ ಎಲ್ಲಿ ಕಳೆದುಹೋಗುತ್ತಿದೆ

ಕೆಲಸದ ತಿರುಳು ಇಲ್ಲಿದೆ. ಬೇಕಾದದ್ದು ಒಂದು ಡಿಜಿಟಲ್ ಮಲ್ಟಿಮೀಟರ್, ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್, ಮತ್ತು ಎಂಜಿನ್ನನ್ನು 2,000 ಆರ್‌ಪಿಎಂನಲ್ಲಿ ಹಿಡಿದು ಕೂರುವ ಒಬ್ಬ ಸಹಾಯಕ. ಹೆಡ್‌ಲೈಟ್ ಹೈ ಬೀಮ್, ಬ್ಲೋವರ್ ಪೂರ್ತಿ, ಹಿಂದಿನ ಗಾಜಿನ ಹೀಟರ್ ಎಲ್ಲ ಆನ್. ಆಲ್ಟರ್ನೇಟರಿನಿಂದ ಬ್ಯಾಟರಿಗೆ ಕರೆಂಟ್ ಒಯ್ಯುವ ದಪ್ಪ ಬಿ ಪ್ಲಸ್ ಕೇಬಲ್ ಮೇಲೆ ಕ್ಲ್ಯಾಂಪ್ ಮೀಟರ್ 42 ಆಂಪಿಯರ್ ತೋರಿಸಿತು.

ಲೋಡ್ ಇಲ್ಲದೆ ಅಳೆಯುವುದು ವ್ಯರ್ಥ. ಕೆಟ್ಟ ಜಾಯಿಂಟ್ ಕಡಿಮೆ ಕರೆಂಟಿನಲ್ಲಿ ಸಾಧುವಾಗಿರುತ್ತದೆ. ಈ ಕಾರಿನಲ್ಲೂ ಯಾವ ಲೋಡೂ ಇಲ್ಲದಾಗ ಆಲ್ಟರ್ನೇಟರಿನಲ್ಲಿ 14.4, ಬ್ಯಾಟರಿಯಲ್ಲಿ 13.9 ಇತ್ತು. ಬ್ಯಾಟರಿ ಮೇಲೆ ಮಾತ್ರ ಮೀಟರ್ ಇಟ್ಟು ನೋಡುವವರು 13.9 ಕಂಡು ‘ಚಾರ್ಜಿಂಗ್ ಸರಿಯಿದೆ’ ಎಂದು ಹೇಳಿಬಿಡುತ್ತಾರೆ. ಲೋಡ್ ಹಾಕಿದ ಕೂಡಲೇ ಚಿತ್ರ ಬದಲಾಯಿತು: ಆಲ್ಟರ್ನೇಟರಿನ ಬಿ ಪ್ಲಸ್ ಬೋಲ್ಟಿನ ತುದಿಯಲ್ಲಿ 14.4, ಬ್ಯಾಟರಿ ಪಾಸಿಟಿವ್‌ನಲ್ಲಿ 12.6. ರೆಗ್ಯುಲೇಟರ್ ತನ್ನ ಕೆಲಸ ಮಾಡುತ್ತಿದೆ. ಅದು ನೋಡುವುದು ಡಿ ಪ್ಲಸ್ ವೋಲ್ಟೇಜನ್ನು, ಬ್ಯಾಟರಿಯದನ್ನಲ್ಲ. ಅದರ ಲೆಕ್ಕದಲ್ಲಿ ಎಲ್ಲ ಸರಿ. ಆದರೆ 1.8 ವೋಲ್ಟ್ ದಾರಿಯಲ್ಲೇ ಮಾಯ. ಇಗ್ನಿಷನ್ ಸ್ವಿಚ್ ಕಡೆಯ ವೈರಿಂಗಿನಲ್ಲಿ ಇನ್ನೊಂದು 0.5 ಹೋಗಿ, ಬಲ್ಬಿನ ಎರಡು ತುದಿಗಳ ನಡುವೆ 2.3 ವೋಲ್ಟ್ ಉಳಿಯಿತು. ಮಂದ ಕೆಂಪಿನ ಲೆಕ್ಕ ಅಲ್ಲಿಗೆ ಸಿಕ್ಕಿತು.

ಪಾಸಿಟಿವ್ ಕಡೆ ಒಟ್ಟು ನಷ್ಟ 0.3 ವೋಲ್ಟ್ ಒಳಗೆ, ನೆಗೆಟಿವ್ ಕಡೆ 0.1ರಿಂದ 0.2 ಒಳಗೆ ಇರಬೇಕು. ನೆಗೆಟಿವ್ ಮೊದಲು ನೋಡಿದ್ದಾಯಿತು: ಮೀಟರಿನ ಒಂದು ಮೊನೆ ಆಲ್ಟರ್ನೇಟರಿನ ಬರಿ ಅಲ್ಯೂಮಿನಿಯಂ ಮೈಗೆ, ಇನ್ನೊಂದು ಬ್ಯಾಟರಿ ನೆಗೆಟಿವ್ ಪೋಸ್ಟ್‌ಗೆ. 0.07. ಎಂಜಿನ್ ಅರ್ತ್ ಪಟ್ಟಿ ಚೆನ್ನಾಗಿದೆ.

ಪಾಸಿಟಿವ್ ದಾರಿಯನ್ನು ಹಂತಹಂತವಾಗಿ ಅಳೆಯುವ ಕ್ರಮ ಹೀಗೆ. ಮೀಟರ್ ಡಿಸಿ 2 ವೋಲ್ಟ್ ರೇಂಜಿನಲ್ಲಿ. ಎರಡೂ ಮೊನೆಗಳು ಪಾಸಿಟಿವ್ ದಾರಿಯಲ್ಲೇ ಇರಬೇಕು, ಬಾಡಿಗೆ ಒಂದೂ ತಾಗಬಾರದು. ಬಿ ಪ್ಲಸ್ ಬೋಲ್ಟಿನ ತುದಿಯಿಂದ ಅದರ ಮೇಲೆ ಕೂತ ಲಗ್‌ಗೆ (ಕೇಬಲಿನ ತುದಿಯ ಲೋಹದ ಬಳೆ): 0.9 ವೋಲ್ಟ್. ಲಗ್‌ನಿಂದ ವೈರಿನ ಒಳತಾಮ್ರಕ್ಕೆ, ಲಗ್ಗನ್ನು ವೈರಿಗೆ ಒತ್ತಿ ಕೂಡಿಸಿದ ಜಾಗ, ಅಂದರೆ ಕ್ರಿಂಪ್, ದಾಟಿ ಎರಡು ಬೆರಳು ಆಚೆ ಸೂಜಿಮೊನೆಯಿಂದ ಇನ್ಸುಲೇಷನ್ ಚುಚ್ಚಿ: 0.5. ಅಲ್ಲಿಂದ ಫ್ಯೂಸ್ ಲಿಂಕ್ (ಈ ದಾರಿಯ ದೊಡ್ಡ ಫ್ಯೂಸ್) ದಾಟುವವರೆಗೆ: 0.25. ಫ್ಯೂಸ್ ಲಿಂಕ್‌ನಿಂದ ಬ್ಯಾಟರಿ ಪೋಸ್ಟ್‌ಗೆ: 0.15. ಚುಚ್ಚಿದ ತೂತನ್ನು ಆಮೇಲೆ ಮುಚ್ಚಲೇಬೇಕು, ಇಲ್ಲವಾದರೆ ನೀರಿಗೆ ಬಾಗಿಲು ತೆರೆದಂತಾಗುತ್ತದೆ.

1.8ರಲ್ಲಿ 1.4 ವೋಲ್ಟ್ ಒಂದೇ ಲಗ್‌ನ ಸುತ್ತ. 42 ಆಂಪಿಯರ್‌ನಿಂದ ಗುಣಿಸಿದರೆ ಅಲ್ಲಿ 59 ವ್ಯಾಟ್ ಶಾಖ ಹುಟ್ಟುತ್ತಿದೆ, ಕಿರುಬೆರಳಿನಷ್ಟು ಜಾಗದಲ್ಲಿ. ರಬ್ಬರ್ ಟೋಪಿ ಎತ್ತಿದಾಗ ಅದು ಒಳಗಡೆ ಗಟ್ಟಿಯಾಗಿ ಒಡೆದಿತ್ತು. ನಟ್ ಕೈಬೆರಳಿಗೇ ಅರ್ಧ ಸುತ್ತು ತಿರುಗಿತು. ಲಗ್‌ನ ಮೇಲಿನ ತವರದ ಲೇಪ ನೀಲಿ ಕಂದು ಬಣ್ಣಕ್ಕೆ ತಿರುಗಿ, ಇನ್ಸುಲೇಷನ್ ಒಂದಿಂಚು ದೂರದವರೆಗೆ ಬಿರುಸಾಗಿತ್ತು.

ಲಗ್ ಬದಲಾವಣೆ

ಬ್ಯಾಟರಿಯ ನೆಗೆಟಿವ್ ಕ್ಲ್ಯಾಂಪ್ ಮೊದಲು ಬಿಚ್ಚಬೇಕು. ಬಿ ಪ್ಲಸ್ ಬೋಲ್ಟಿಗೆ ಬ್ಯಾಟರಿಯಿಂದ ಸದಾ ನೇರ ಸಂಪರ್ಕ ಇರುತ್ತದೆ, ಇಗ್ನಿಷನ್ ಆಫ್ ಮಾಡಿದರೂ. ಸ್ಪ್ಯಾನರ್ ಒಂದು ತುದಿ ಅದಕ್ಕೆ, ಇನ್ನೊಂದು ತುದಿ ಎಂಜಿನ್‌ಗೆ ತಗುಲಿದರೆ ಸ್ಪ್ಯಾನರ್ ಅಲ್ಲೇ ಬೆಸೆದುಕೊಳ್ಳುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ತಂತಿ ಕಿತ್ತು ‘ನಿಲ್ಲುತ್ತದೋ ನೋಡೋಣ’ ಎನ್ನುವ ಹಳೆಯ ಪರೀಕ್ಷೆಯಂತೂ ಬೇಡವೇ ಬೇಡ. ಬ್ಯಾಟರಿಯ ಆಸರೆ ತಪ್ಪಿದ ಕ್ಷಣ ವೋಲ್ಟೇಜ್ ಹತ್ತಾರು ವೋಲ್ಟ್ ಮೇಲೆ ಚಿಮ್ಮಿ ರೆಗ್ಯುಲೇಟರ್, ಇಸಿಯು ಯಾವುದನ್ನೂ ಕೊಲ್ಲಬಹುದು.

ಕೇಬಲ್ 16 ಚದರ ಮಿಲಿಮೀಟರಿನದು. ಲಗ್ ಕತ್ತರಿಸಿ ಸಿಪ್ಪೆ ಸುಲಿದರೆ ಎಳೆಗಳು ಕಪ್ಪು. ಕಪ್ಪಾದ ತಾಮ್ರದ ಮೇಲೆ ಹೊಸ ಲಗ್ ಒತ್ತುವುದು ವ್ಯರ್ಥ ಕೆಲಸ, ಕೆಲವೇ ತಿಂಗಳಲ್ಲಿ ಮತ್ತೆ ಇದೇ ಪಾಡು. ಹೊಳೆಯುವ ತಾಮ್ರ ಸಿಗುವವರೆಗೆ ಹಿಂದೆ ಹಿಂದೆ ಕತ್ತರಿಸುತ್ತ ಹೋಗಬೇಕು. ಇಲ್ಲಿ 7 ಸೆಂಟಿಮೀಟರ್ ಹೋಯಿತು. ಕೇಬಲಿನಲ್ಲಿ ಅಷ್ಟು ಸಡಿಲವಿದ್ದದ್ದು ಅದೃಷ್ಟ. ಎಂಜಿನ್ ಅಲುಗುವುದರಿಂದ ಕೇಬಲ್ ಬಿಗಿಯಾಗಿ ನಿಲ್ಲುವಂತಾದರೆ ಇಡೀ ಕೇಬಲನ್ನೇ ಬದಲಾಯಿಸುವುದು ಲೇಸು, ನಡುವೆ ಜೋಡಿಸಿ ಉದ್ದ ಮಾಡಬಾರದು.

ಹೊಸದಾಗಿ ಹಾಕಿದ್ದು ತವರ ಲೇಪಿಸಿದ ತಾಮ್ರದ ಲಗ್, 16 ಚದರ ಮಿಮೀ ವೈರಿಗೆ, 8 ಮಿಮೀ ತೂತಿನದು. ಷಡ್ಭುಜ ಅಚ್ಚಿನ ಕ್ರಿಂಪಿಂಗ್ ಟೂಲ್‌ನಿಂದ ಎರಡು ಕಡೆ ಒತ್ತಿದ್ದು. ಸುತ್ತಿಗೆ, ಇಕ್ಕಳದಿಂದ ಜಜ್ಜಿದ ಕ್ರಿಂಪ್ ಹೊರಗೆ ಗಟ್ಟಿ ಕಂಡರೂ ಒಳಗೆ ಗಾಳಿ ಉಳಿಸಿಕೊಂಡಿರುತ್ತದೆ. ಬರೀ ಬೆಸುಗೆ ಹಾಕಿ ನಿಲ್ಲಿಸುವುದೂ ಬೇಡ: ಬೆಸುಗೆ ಎಳೆಗಳ ಮೇಲೆ ಏರಿ ವೈರನ್ನು ಬಿರುಸು ಮಾಡುತ್ತದೆ, ನಡುಕಕ್ಕೆ ಅದು ಅಲ್ಲೇ ಮುರಿಯುತ್ತದೆ. ಮೇಲೆ ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ.

ಬೋಲ್ಟಿನ ತಳದ ನಟ್ಟನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದೇ ಮೇಲಿನ ನಟ್ ಬಿಗಿಯಬೇಕು. ಹಾಗೆ ಹಿಡಿಯದೆ ಬಿಗಿದರೆ ಬೋಲ್ಟ್ ಪೂರ್ತಿ ತಿರುಗಿ ಒಳಗಿನ ಡಯೋಡ್ ಪ್ಲೇಟನ್ನು ತಿರುಚುತ್ತದೆ. ಬಿಗಿತ ಎಷ್ಟೆಂಬುದು ಆ ಕಾರಿನ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಅಂದಾಜಿನಲ್ಲಿ ಬಲ ಹಾಕುವ ಜಾಗ ಇದಲ್ಲ, ಹಿತ್ತಾಳೆ ಅಥವಾ ತಾಮ್ರದ ಬೋಲ್ಟ್ ಆಗಿದ್ದರೆ ಅದರ ಥ್ರೆಡ್ (ತಿರುಪಿನ ಗೆರೆಗಳು) ಕಿತ್ತುಹೋಗುತ್ತದೆ. ಫ್ಯೂಸ್ ಲಿಂಕ್‌ನ ಎರಡೂ ಸ್ಕ್ರೂಗಳನ್ನು ಬಿಚ್ಚಿ, ತಳದ ತಾಮ್ರದ ಪಟ್ಟಿಯನ್ನು ಉಜ್ಜುಕಾಗದದಿಂದ ಹೊಳಪಾಗಿಸಿ ಮರಳಿ ಬಿಗಿದದ್ದಾಯಿತು.

ಮತ್ತೆ ಅದೇ ಲೋಡ್, ಅದೇ 2,000 ಆರ್‌ಪಿಎಂ. ಒಟ್ಟು ನಷ್ಟ 0.28 ವೋಲ್ಟ್. ಲೈಟ್ ಆರಿತು.

ಆಕ್ಸಿಲರೇಟರ್ ಬಿಟ್ಟು ಐಡಲ್‌ಗೆ ಇಳಿಸಿದಾಗ ಮತ್ತೆ ಮಿಣುಕಿತು.

ಎರಡನೆಯ ದೋಷ

800 ಆರ್‌ಪಿಎಂ ಐಡಲ್‌ನಲ್ಲಿ ಎಲ್ಲ ಲೋಡ್ ಆನ್ ಇಟ್ಟಾಗ ಬ್ಯಾಟರಿ ಮೇಲೆ 12.4 ಮಾತ್ರ. ಲೋಡ್ ತೆಗೆದರೆ 14ರ ಮೇಲೆ. ಐಡಲ್‌ನಲ್ಲಿ ಆಲ್ಟರ್ನೇಟರ್ ತನ್ನ ಪೂರ್ತಿ ಸಾಮರ್ಥ್ಯ ಕೊಡುವುದಿಲ್ಲ ನಿಜ, ಆದರೆ ಪುಲ್ಲಿ ಅನುಪಾತ ಎರಡೂವರೆ ಪಟ್ಟಿನ ಆಸುಪಾಸು ಇರುವುದರಿಂದ ರೋಟರ್ 2,000ಕ್ಕೆ ತಿರುಗುತ್ತಿರುತ್ತದೆ. 90 ಆಂಪಿಯರ್ ಆಲ್ಟರ್ನೇಟರಿನಿಂದ 40ರ ಸುಮಾರು ಆಂಪಿಯರ್ ನಿರೀಕ್ಷಿಸುವುದು ತಪ್ಪಲ್ಲ. ಕ್ಲ್ಯಾಂಪ್ ಮೀಟರ್ ತೋರಿಸಿದ್ದು 27.

ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಬ್ಯಾಟರಿ ಪೋಸ್ಟ್‌ಗಳ ಮೇಲೆ ಇಟ್ಟಾಗ 0.42. ಆರೋಗ್ಯವಾಗಿರುವ ಆಲ್ಟರ್ನೇಟರಿನಲ್ಲಿ ಇದು 0.1ಕ್ಕಿಂತ ಕಡಿಮೆ ಇರುತ್ತದೆ. ಬ್ಯಾಟರಿಗೆ ಕರೆಂಟ್ ಕಳಿಸುವ ಆರು ದೊಡ್ಡ ಡಯೋಡ್‌ಗಳು ಸರದಿಯಲ್ಲಿ ಕೆಲಸ ಮಾಡಿದರೆ ಡಿಸಿ ಸಮವಾಗಿರುತ್ತದೆ, ಒಂದು ಕೈಬಿಟ್ಟರೆ ಪ್ರತಿ ಸುತ್ತಿನಲ್ಲೂ ಒಂದು ಹಳ್ಳ ಬೀಳುತ್ತದೆ. ರೇಡಿಯೋದಲ್ಲಿ ಎಂಜಿನ್ ಏರಿದಂತೆ ಏರುವ ಸಣ್ಣ ಸಿಳ್ಳು ಕೂಡ ಇದರದೇ ಗುರುತು. ಆಲ್ಟರ್ನೇಟರ್ ಬಿಚ್ಚುವ ಕೆಲಸ ತಪ್ಪಲಿಲ್ಲ, ಆದರೆ ಈಗ ಏನನ್ನು ಹುಡುಕಬೇಕೆಂಬುದು ಖಚಿತ.

ಡಯೋಡ್ ಎರಡು ರೀತಿ ಕೆಡುತ್ತದೆ. ತೆರೆದುಕೊಂಡರೆ ಮೇಲಿನಂತೆ ಶಕ್ತಿ ಕುಂದುತ್ತದೆ. ಶಾರ್ಟ್ ಆದರೆ, ಸೋರಿದರೆ, ಕಾರು ನಿಂತಿದ್ದಾಗಲೂ ಬ್ಯಾಟರಿಯಿಂದ ಕರೆಂಟ್ ಹಿಂದಕ್ಕೆ ಹರಿಯುತ್ತದೆ. ನಿಂತ ಕಾರಿನ ಸಹಜ ಬಳಕೆ 0.05 ಆಂಪಿಯರ್ ಒಳಗೆ. ಅದಕ್ಕಿಂತ ಬಹಳ ಹೆಚ್ಚಿದ್ದು, ಬಿ ಪ್ಲಸ್ ಕೇಬಲ್ ಬಿಚ್ಚಿದ ಕೂಡಲೇ ಇಳಿದರೆ ಕಳ್ಳ ಡಯೋಡ್ ಪ್ಲೇಟಿನಲ್ಲೇ ಇದ್ದಾನೆ. ಇಲ್ಲಿ ನಿಂತಾಗಿನ ಬಳಕೆ 0.03, ಆದ್ದರಿಂದ ಡಯೋಡ್ ತೆರೆದುಕೊಂಡಿದೆ ಎಂಬ ಊಹೆ ಬಲವಾಯಿತು.

ಬಿಚ್ಚುವಾಗ ಕ್ರಮ ಮುಖ್ಯ. ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳ, ಆಮೇಲೆ ಬ್ರಷ್ ಸಮೇತ ರೆಗ್ಯುಲೇಟರ್, ಅದಾದ ಮೇಲಷ್ಟೇ ಉಳಿದದ್ದು. ಹೊರಗಿನಿಂದ ಕೂರುವ ಬ್ರಷ್‌ಗಳನ್ನು ತೆಗೆಯದೆ ಮೈಯನ್ನು ಎರಡು ಹೋಳು ಮಾಡಿದರೆ ಬ್ರಷ್‌ಗಳು ಲಟಕ್ಕನೆ ಮುರಿಯುತ್ತವೆ. ಮುಂದಿನ ಮತ್ತು ಹಿಂದಿನ ಹೋಳುಗಳ ಮೇಲೆ ಅಡ್ಡಲಾಗಿ ಒಂದು ಗೆರೆ ಗೀರಿಕೊಳ್ಳಬೇಕು. ಇಲ್ಲದಿದ್ದರೆ ಮರಳಿ ಜೋಡಿಸುವಾಗ ಫಿಟಿಂಗ್ ಕಿವಿಗಳು ಬೇರೆ ಕೋನದಲ್ಲಿ ನಿಲ್ಲುತ್ತವೆ, ಎಂಜಿನ್ ಮೇಲೆ ಕೂರುವುದೇ ಇಲ್ಲ.

ಸ್ಟೇಟರಿನ (ರೋಟರಿನ ಸುತ್ತ ಅಲುಗದೆ ಕೂತ ಕಾಯಿಲ್‌ಗಳ) ತುದಿಗಳನ್ನು ಡಯೋಡ್ ಪ್ಲೇಟಿನಿಂದ ಬೇರ್ಪಡಿಸಲು ದಪ್ಪ ಮೊನೆಯ, 100 ವ್ಯಾಟಿನಷ್ಟಾದರೂ ಇರುವ ಸೋಲ್ಡರಿಂಗ್ ಐರನ್ ಬೇಕು. ಚಿಕ್ಕದರಲ್ಲಿ ಬಹಳ ಹೊತ್ತು ಕಾಯಿಸಿದರೆ ಶಾಖ ನೇರ ಡಯೋಡಿಗೆ ಇಳಿಯುತ್ತದೆ. ವೈರ್ ಮತ್ತು ಡಯೋಡ್ ನಡುವೆ ಉದ್ದಮೂತಿಯ ಇಕ್ಕಳ ಕಚ್ಚಿಸಿಟ್ಟರೆ ಅದು ಶಾಖ ಹೀರಿಕೊಳ್ಳುತ್ತದೆ. ಸ್ಟೇಟರ್ ಬೇರೆಯಾದ ಮೇಲಷ್ಟೇ ಡಯೋಡ್ ಪರೀಕ್ಷೆ. ಕೂಡಿಕೊಂಡಿದ್ದಾಗ ಮೂರು ಕಾಯಿಲ್‌ಗಳ ಮೂಲಕ ಒಂದರ ಓದು ಇನ್ನೊಂದರಲ್ಲಿ ಕಾಣುತ್ತದೆ.

ಮೀಟರ್ ಡಯೋಡ್ ಗುರುತಿನಲ್ಲಿ: ನೆಗೆಟಿವ್ ಪ್ಲೇಟಿನ ಮೂರೂ ಒಂದು ದಿಕ್ಕಿಗೆ 0.49ರಿಂದ 0.52, ತಿರುಗಿಸಿ ಹಿಡಿದರೆ ಏನಿಲ್ಲ. ಪಾಸಿಟಿವ್ ಪ್ಲೇಟಿನಲ್ಲಿ ಎರಡು ಸರಿ. ಬಿ ಪ್ಲಸ್ ಬೋಲ್ಟಿಗೆ ಅಂಟಿಕೊಂಡೇ ಇರುವ ಮೂರನೆಯದು ಎರಡೂ ದಿಕ್ಕಿಗೂ ಏನಿಲ್ಲ. ಅದರ ತಲೆಯ ಬೆಸುಗೆ ಕರಗಿ, ಸಾಸಿವೆ ಗಾತ್ರದ ಹನಿಗಳಾಗಿ ಮೈಯ ಒಳಗೋಡೆಗೆ ಅಂಟಿತ್ತು. ಸಡಿಲ ನಟ್ಟಿನ ಶಾಖ ಬೋಲ್ಟಿನ ಮೂಲಕ ಒಳಗೆ ಹರಿದು ಈ ಡಯೋಡನ್ನು ಕೊಂದಿದೆ. ಲಗ್ ಸರಿಮಾಡದೆ ಹೊಸ ಆಲ್ಟರ್ನೇಟರ್ ಕೂರಿಸಿದ್ದರೆ ಅದರ ಡಯೋಡಿಗೂ ಇದೇ ಗತಿ ಬರುತ್ತಿತ್ತು.

ಬಿಚ್ಚಿದ್ದಾಗ ಉಳಿದದ್ದನ್ನೂ ನೋಡಬೇಕು. ಬ್ರಷ್‌ಗಳು ಒರೆಸುವ, ರೋಟರಿನ ಎರಡು ಸ್ಲಿಪ್ ರಿಂಗ್‌ಗಳ ನಡುವೆ 2.7 ಓಮ್ (ಮೀಟರಿನ ಎರಡು ಮೊನೆ ತಾಗಿಸಿದಾಗ ಬರುವ 0.2 ಕಳೆದ ಮೇಲೆ). 2.5ರಿಂದ 4 ಓಮ್ ಸಾಮಾನ್ಯ. ಸ್ಲಿಪ್ ರಿಂಗ್‌ನಿಂದ ಶಾಫ್ಟಿಗೆ ಸಂಪರ್ಕ ಇರಬಾರದು, ಇರಲಿಲ್ಲ. ಸ್ಟೇಟರ್ ಕಾಯಿಲ್‌ಗಳ ರೆಸಿಸ್ಟೆನ್ಸ್ ಎಷ್ಟು ಕಡಿಮೆಯೆಂದರೆ ಸಾಮಾನ್ಯ ಮೀಟರ್ ಅದರ ವ್ಯತ್ಯಾಸ ಹಿಡಿಯದು. ಬಣ್ಣ ನೋಡಬೇಕು: ಒಂದು ಕಾಯಿಲ್ ಮಾತ್ರ ಕಪ್ಪಗೆ ಸುಟ್ಟು ಉಳಿದವು ತಾಮ್ರವರ್ಣದಲ್ಲಿದ್ದರೆ ಸ್ಟೇಟರ್ ಹೋಗಿದೆ. ಇಲ್ಲಿ ಮೂರೂ ಒಂದೇ ಬಣ್ಣ, ಬಾಡಿಗೆ ತಾಗಿಲ್ಲ.

ಬ್ರಷ್‌ಗಳು 5 ಮಿಮೀ ಮಾತ್ರ ಹೊರಗಿದ್ದವು. ಹೊಸದರಲ್ಲಿ 10 ಮಿಮೀಗಿಂತ ಹೆಚ್ಚಿರುತ್ತವೆ, 5 ಎಂದರೆ ಬದಲಾಯಿಸುವ ಹೊತ್ತು. ಇನ್ನಷ್ಟು ಸವೆದರೆ ಸ್ಪ್ರಿಂಗಿನ ಒತ್ತಡ ಕಳೆದುಕೊಂಡು ರಸ್ತೆಯ ಕುಲುಕಾಟಕ್ಕೆ ಲೈಟ್ ಮಿನುಗಿಸುತ್ತವೆ. ಬಾನೆಟ್ ತಟ್ಟಿದರೆ ಆರುವ ಲೈಟ್‌ಗಳ ಹಿಂದೆ ಬಹುಮಟ್ಟಿಗೆ ಇದೇ ಇರುತ್ತದೆ. ಸ್ಲಿಪ್ ರಿಂಗ್‌ಗಳನ್ನು 600 ನಂಬರಿನ ಉಜ್ಜುಕಾಗದದಲ್ಲಿ, ರೋಟರನ್ನು ತಿರುಗಿಸುತ್ತ ಸುತ್ತಲೂ ಸಮನಾಗಿ ಉಜ್ಜಿ, ಕಾರ್ಬನ್ ಪುಡಿಯನ್ನು ಗಾಳಿ ಹೊಡೆದು ತೆಗೆದದ್ದಾಯಿತು. ಒಂದೇ ಕಡೆ ಉಜ್ಜಿದರೆ ರಿಂಗ್ ಚಪ್ಪಟೆಯಾಗಿ ಬ್ರಷ್ ಕುಣಿಯತೊಡಗುತ್ತದೆ. ಬೇರಿಂಗ್‌ಗಳು ಸದ್ದಿಲ್ಲದೆ ತಿರುಗಿದವು, ಮುಟ್ಟಲಿಲ್ಲ.

ಕೆಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಅದರ ಆಯಿಲ್ ಸೀಲ್ ಸೋರಿದರೆ ಎಣ್ಣೆ ಬ್ರಷ್ ಮೇಲೆ ಇಳಿದು ಕಾರ್ಬನ್ ಪುಡಿಯೊಡನೆ ಕೆಸರಾಗುತ್ತದೆ. ಅಂಥ ಕಡೆ ಸೀಲ್ ಬದಲಾಯಿಸದೆ ಬ್ರಷ್ ಹಾಕುವುದು ಮತ್ತೊಮ್ಮೆ ಬಿಚ್ಚುವುದಕ್ಕೆ ಈಗಲೇ ದಿನ ಗೊತ್ತುಮಾಡಿದಂತೆ.

ಮೂರು ಡಯೋಡಲ್ಲಿ ಒಂದನ್ನು ಮಾತ್ರ ಬದಲಾಯಿಸುವ ಗೋಜಿಗೆ ಹೋಗದೆ ಇಡೀ ಪ್ಲೇಟನ್ನೇ ಹಾಕಿದ್ದು. ಅದೇ ಬಿಸಿಯನ್ನು ಪಕ್ಕದ ಎರಡೂ ತಿಂದಿವೆ. ಹೊಸ ಪ್ಲೇಟ್ ಕೂರಿಸುವಾಗ ಎಲ್ಲರೂ ಎಡವುವ ಜಾಗ ಒಂದಿದೆ: ಬಿ ಪ್ಲಸ್ ಬೋಲ್ಟ್ ಅಲ್ಯೂಮಿನಿಯಂ ಮೈಯನ್ನು ದಾಟುವಲ್ಲಿ ಇರುವ ಇನ್ಸುಲೇಟರ್ ಬುಷ್. ಹಳೆಯದು ಬಿಸಿಗೆ ಕಂದಾಗಿ ಬಿರಿದಿತ್ತು. ಅದು ಇಲ್ಲದೆ, ಅಥವಾ ಒಡೆದದ್ದನ್ನೇ ಹಾಕಿ ಜೋಡಿಸಿದರೆ ಬ್ಯಾಟರಿ ಕೂಡಿಸಿದ ಕ್ಷಣವೇ ನೇರ ಶಾರ್ಟ್. ಜೋಡಿಸಿ ಮುಗಿಸಿದ ಮೇಲೆ, ಕಾರಿಗೆ ಕೂರಿಸುವ ಮೊದಲು, ಬೋಲ್ಟಿನಿಂದ ಮೈಗೆ ಡಯೋಡ್ ಪರೀಕ್ಷೆ ಮಾಡಬೇಕು. ಒಂದು ದಿಕ್ಕಿಗೆ ಎರಡು ಡಯೋಡ್ ಸಾಲಾಗಿ ಇರುವಂತೆ 0.9ರಿಂದ 1.1, ಇನ್ನೊಂದು ದಿಕ್ಕಿಗೆ ಏನೂ ಇರಬಾರದು.

ಜೋಡಿಸಿದ ಮೇಲಿನ ಅಂಕಿಗಳು: ಐಡಲ್‌ನಲ್ಲಿ ಲೋಡ್ ಇಲ್ಲದೆ ಬ್ಯಾಟರಿ ಮೇಲೆ 14.3. ಐಡಲ್‌ನಲ್ಲಿ ಪೂರ್ತಿ ಲೋಡ್ ಹಾಕಿದರೆ 13.5. 2,000 ಆರ್‌ಪಿಎಂ, ಪೂರ್ತಿ ಲೋಡ್, 14.1. ಎಸಿ ವೋಲ್ಟ್ 0.04. ಕತ್ತಲಲ್ಲಿ ಡ್ಯಾಶ್‌ಬೋರ್ಡಿಗೆ ಕೈಮರೆ ಹಿಡಿದು ನೋಡಿದರೂ ಲೈಟಿನಲ್ಲಿ ಕೆಂಪಿನ ಎಳೆಯಿಲ್ಲ. ಎಂಜಿನ್ ಒಮ್ಮೆ ಚೆನ್ನಾಗಿ ಬಿಸಿಯಾಗಿ ತಣಿದ ಮೇಲೆ, ಬ್ಯಾಟರಿ ನೆಗೆಟಿವ್ ಬಿಚ್ಚಿ ಬಿ ಪ್ಲಸ್ ನಟ್ಟಿನ ಬಿಗಿತ ಮತ್ತೆ ನೋಡಿ ಹೊಸ ರಬ್ಬರ್ ಟೋಪಿ ಹಾಕಲಾಯಿತು.

ಇದೇ ಲೈಟ್, ಬೇರೆ ಮಾದರಿಯ ಕಾರುಗಳಲ್ಲಿ

ಮೂರು ಪಿನ್ನಿನ ಕನೆಕ್ಟರ್ ಇರುವ ಹಲವು ಜಪಾನಿ ಮಾದರಿಗಳಲ್ಲಿ ಐಜಿ, ಎಸ್, ಎಲ್ ಎಂಬ ಗುರುತುಗಳಿರುತ್ತವೆ. ಎಸ್ ವೈರ್ ಬ್ಯಾಟರಿಯ ವೋಲ್ಟೇಜನ್ನು ನೇರವಾಗಿ ರೆಗ್ಯುಲೇಟರಿಗೆ ತೋರಿಸುವುದಕ್ಕೆ. ಅದರ ದಾರಿಯಲ್ಲಿ ಪ್ರತ್ಯೇಕ ಚಿಕ್ಕ ಫ್ಯೂಸ್ ಇರುವ ಗಾಡಿಗಳಲ್ಲಿ ಆ ಫ್ಯೂಸ್ ಹೋದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದ್ದರೂ ಲೈಟ್ ಉರಿಯಬಹುದು. ಬ್ಯಾಟರಿ ಮೇಲೆ 14 ವೋಲ್ಟ್ ಇದೆ, ಲೈಟೂ ಇದೆ ಎಂದಾದರೆ ಮೊದಲು ಆ ಕನೆಕ್ಟರ್ ಬಿಡಿಸಿ ಮೂರೂ ಪಿನ್ನುಗಳನ್ನು ಅಳೆಯಬೇಕು: ಎಸ್‌ನಲ್ಲಿ ಸದಾ ಬ್ಯಾಟರಿ ವೋಲ್ಟೇಜ್, ಐಜಿಯಲ್ಲಿ ಇಗ್ನಿಷನ್ ಆನ್ ಆದಾಗ ಮಾತ್ರ. ಎಲ್‌ನಲ್ಲಿ ಇಗ್ನಿಷನ್ ಆನ್ ಆದಾಗ ಬಲ್ಬಿನ ಮೂಲಕ ಬಂದ 12ರ ಆಸುಪಾಸು ಕಾಣಬೇಕು.

ಇಸಿಯು ಹಿಡಿತದ ಕಾರುಗಳಲ್ಲಿ ಮೇಲಿನ ಬಲ್ಬಿನ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಲೈಟ್ ಉರಿಸುವುದು ಒಂದು ಸಂದೇಶ. ಸ್ಕ್ಯಾನರ್ ಹಾಕಿ ಕೋಡ್ ಓದಿ: ಪಿ0562 ಎಂದರೆ ವೋಲ್ಟೇಜ್ ಕಡಿಮೆ, ಪಿ0563 ಹೆಚ್ಚು, ಪಿ0620 ಆಲ್ಟರ್ನೇಟರ್ ನಿಯಂತ್ರಣದ ಸರ್ಕ್ಯೂಟ್, ಪಿ0621 ಲೈಟಿನ ಸರ್ಕ್ಯೂಟ್, ಪಿ0622 ಫೀಲ್ಡ್ ಸರ್ಕ್ಯೂಟ್. ಇಂಥ ಕಾರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಇಂಧನ ಉಳಿಸಲು ಚಾರ್ಜಿಂಗನ್ನು ಬೇಕೆಂದೇ 13 ವೋಲ್ಟ್‌ಗಿಂತ ಕೆಳಗೆ ಇಳಿಸುವುದುಂಟು, ಬ್ರೇಕ್ ಹಿಡಿದಾಗ 15ರ ಹತ್ತಿರಕ್ಕೆ ಏರಿಸುವುದೂ ಉಂಟು. ಮೀಟರಿನಲ್ಲಿ 12.8 ಕಂಡ ಕೂಡಲೇ ತೀರ್ಪು ಕೊಡದೆ ಹೆಡ್‌ಲೈಟ್, ಬ್ಲೋವರ್ ಹಾಕಿ ವೋಲ್ಟೇಜ್ ಏರುತ್ತದೆಯೇ ನೋಡಬೇಕು. ವೋಲ್ಟೇಜ್ ನಷ್ಟದ ಪರೀಕ್ಷೆ ಮಾತ್ರ ಇವುಗಳಲ್ಲೂ ಯಥಾವತ್ ನಡೆಯುತ್ತದೆ. ತಾಮ್ರ, ನಟ್ಟು, ಲಗ್ ಎಲ್ಲ ಕಡೆಯೂ ಅವೇ.

ಲಿನ್ ಎಂಬ ಒಂದೇ ತಂತಿಯ ಸಂಪರ್ಕದಲ್ಲಿ ಇಸಿಯು ಜೊತೆ ಮಾತಾಡುವ ರೆಗ್ಯುಲೇಟರನ್ನು ಬದಲಾಯಿಸುವಾಗ ಆಕಾರ ಹೊಂದಿದರೆ ಸಾಲದು. ಮೂರೂ ಸ್ಕ್ರೂ ತೂತುಗಳು ಕೂಡುತ್ತವೆ, ಕನೆಕ್ಟರ್ ಸರಿಯಾಗಿ ಕೂರುತ್ತದೆ, ಆದರೆ ಇಸಿಯು ಕೇಳಿದ ಭಾಷೆಯಲ್ಲಿ ಅದು ಉತ್ತರಿಸುವುದಿಲ್ಲ. ಸಂದೇಶ ಸಿಗದಿದ್ದಾಗ ಅಂಥ ಹಲವು ರೆಗ್ಯುಲೇಟರ್‌ಗಳು ತಮಗೆ ತಾವೇ ಒಂದು ಸ್ಥಿರ ವೋಲ್ಟೇಜಿಗೆ ನಿಂತು ಚಾರ್ಜ್ ಮಾಡುತ್ತ ಹೋಗುತ್ತವೆ. ಬ್ಯಾಟರಿ ತುಂಬುತ್ತದೆ, ಲೈಟ್ ಉರಿಯುತ್ತಲೇ ಇರುತ್ತದೆ. ಹಳೆಯ ರೆಗ್ಯುಲೇಟರಿನ ಮೈಮೇಲೆ ಅಚ್ಚೊತ್ತಿದ ಸಂಖ್ಯೆಯನ್ನು ಅಕ್ಷರ ಬಿಡದಂತೆ ಬರೆದುಕೊಂಡು, ಅದಕ್ಕೇ ಹೊಂದುವುದನ್ನು ತರಿಸಬೇಕು.